ಹೊಲಿದ ದೋಣಿಯ ಚೀಟಿ

ಆ ಚೀಟಿಯ ಹಿಂದೆ ನಿನ್ನ ಹೆಸರಿತ್ತು, ಶಮೀಮ್. ನಾನು ನೋಡಿದ್ದೆ. ನೋಡಿಯೂ, ನಮ್ಮ ಸಂಶೋಧನೆಯ ಗೈಡ್ ಎದುರು ನಿಂತು, ಇಲ್ಲ ಅಂದೆ. ಹನ್ನೊಂದು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿಲ್ಲ.

ರಾಯಚೂರಿನಲ್ಲಿ ಲ್ಯಾಟಿನ್ ಮಹಾಕಾವ್ಯದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದವರು ನಾವಿಬ್ಬರೇ. ನಾನು ಹಿರೇಕೊಟ್ನೆಕಲ್ಲಿನವನು, ನೀನು ಮಾನ್ವಿಯ ಬಟ್ಟೆ ಅಂಗಡಿಯವರ ಮಗಳು. "ಅದನ್ನ ಓದಿ ಏನ್ ಮಾಡ್ತೀರಿ?" ಎಂದು ಜನ ನಗುತ್ತಿದ್ದರು. ನಮಗೆ ಭಾಷೆ ಕಲಿಸಿದ ಮುದಿ ಪಾದ್ರಿಯದು ಒಂದೇ ಕಟ್ಟಪ್ಪಣೆ: ಚೀಟಿಯ ಮುಂದೆ ವಿಚಾರ ಬರೆಯಬೇಕು, ಹಿಂದೆ ಅದನ್ನು ಹೇಳಿದವರ ಹೆಸರು.

ಕಾವ್ಯದಲ್ಲಿ ಸತ್ತವರನ್ನು ಹೊಳೆ ದಾಟಿಸುವ ದೋಣಿಯೊಂದು ಬರುತ್ತದೆ. ಕವಿ ಅದನ್ನು ಹೊಲಿದ ದೋಣಿ ಎನ್ನುತ್ತಾನೆ. ಬದುಕಿರುವವನೊಬ್ಬ ಹತ್ತಿದಾಗ ಅದರೊಳಗೆ ನೀರು ನುಗ್ಗುತ್ತದೆ. ಅದು ನಮ್ಮ ತೊಗಲಿನ ಹರಿಗೋಲಿನಂಥದು, ಭಾರಕ್ಕೆ ಹೊಲಿಗೆಯ ತೂತಿನಿಂದಲೇ ನೀರು ಬರುತ್ತದೆ—ಇದೇ ನನ್ನ ಪ್ರಬಂಧದ ಜೀವ. ಅದೇ ಮಾತು ನಿನ್ನ ಅಧ್ಯಾಯದಲ್ಲಿ ಕಂಡಾಗ ಮೈ ಉರಿಯಿತು. ನಾನು ಚಹಾಕ್ಕೆ ಹೋದಾಗ ಇವಳು ನನ್ನ ಚೀಟಿ ಡಬ್ಬಿ ತೆರೆದಿರಬೇಕು—ಅದಕ್ಕೇ ಮೊನ್ನೆ ನನ್ನನ್ನು ಕಂಡದ್ದೇ ಪುಸ್ತಕ ಮುಚ್ಚಿದಳು—ಅಣ್ಣಾ ಅಣ್ಣಾ ಅನ್ನುತ್ತಲೇ ಕದ್ದಳು ಎಂದುಕೊಂಡೆ. ಒಂದು ಮಾತೂ ನಿನ್ನನ್ನು ಕೇಳದೆ ದೂರು ಕೊಟ್ಟೆ.

ವಿಚಾರಣೆಯ ಹಿಂದಿನ ಸಂಜೆ ಚೀಟಿ ತಿರುವಿದೆ. ನನ್ನದೇ ಅಕ್ಷರ: ಶಮೀಮ್, ಗೂಗಲ್ ದಂಡೆ. ಆಗ ನೆನಪಾಯಿತು. ದೇವದುರ್ಗದ ನಿಮ್ಮ ನಾನಾ, ನಿಮ್ಮ ತಾಯಿಯ ತಂದೆ, ತೊಗಲಿನ ವ್ಯಾಪಾರಿ. ಹೊಳೆದಂಡೆಯ ಗೂಗಲ್ ಊರಿನಲ್ಲಿ ಮಗುಚಿಟ್ಟ ಹರಿಗೋಲಿನ ಮೇಲೆ ಕೈಯಾಡಿಸುತ್ತ ನೀನು ಹೇಳಿದ್ದೆ: "ಮಂದಿ ಹೆಚ್ಚಾದ್ರ ತೊಗಲು ಜಗ್ಗಿ ಹೊಲಿಗಿ ಬಾಯಿ ಬಿಡ್ತದ ಅಂತಿದ್ರು ನಮ್ಮ ನಾನಾ. ಆ ಕವಿನೂ ಇದನ್ನ ನೋಡಿರಬೇಕು, ಬಸಣ್ಣ."

ಮರುದಿನ ನೀನು ಅಳಲಿಲ್ಲ, ಜಗಳಾಡಲಿಲ್ಲ. ನಿನ್ನ ಮಾತು ಇಷ್ಟೇ: "ಚೀಟಿ ಹಿಂದ ಏನ್ ಅದ ನೀವ ಹೇಳ್ರಿ, ಬಸಣ್ಣ. ನೀವು ಹೇಳಿದ್ದು ನಾ ಒಪ್ಪತೀನಿ." ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ.

"ಏನೂ ಇಲ್ಲ," ಅಂದೆ ನಾನು. ಗೈಡ್ ಚೀಟಿ ತರಿಸಿ ನೋಡಲಿಲ್ಲ.

ನಿನ್ನ ನೋಂದಣಿ ರದ್ದಾಯಿತು. ನೀನು ಮಾನ್ವಿಗೆ ಹೋಗಿ ಅಂಗಡಿಯಲ್ಲಿ ಕೂತೆ. ನನಗೆ ಪದವಿ ಬಂತು, ನೌಕರಿ ಬಂತು. ಜೊತೆಗೆ ಈ ಗುಮಾನಿಯೂ. ವಿದ್ಯಾರ್ಥಿಗಳು ಪಿಸುಗುಟ್ಟಿದರೆ ಅದನ್ನೇ ಮಾತಾಡುತ್ತಿದ್ದಾರೆ ಎನಿಸುತ್ತದೆ. ಹಳೆಯ ಚೀಟಿಗಳನ್ನೆಲ್ಲ ತಿರುವುತ್ತೇನೆ. ಖಾಲಿ ಇದ್ದರೆ ಇನ್ನೂ ಭಯ—ಇದು ಯಾರದೋ, ಹೆಸರು ಬರೆಯದೆ ಬಿಟ್ಟೆನೋ... ನಾಚಿಕೆಯಾಗುತ್ತದೆ, ಶಮೀಮ್.

ನಾಳೆ ಅಸಲು ಚೀಟಿಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುತ್ತೇನೆ. ನನ್ನ ಪದವಿಯನ್ನು ಅವರು ಹಿಂದಕ್ಕೆ ಪಡೆಯಲಿ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಅವರು ಮತ್ತೆ ನಿನ್ನನ್ನು ಕರೆಸಿದರೆ, ಈ ಸಲ ನನ್ನ ಮಾತಿಗೆ ಕಾಯಬೇಡ. ಚೀಟಿಯನ್ನು ನೀನೇ ತಿರುವಿ ಓದು.