ಅಡಿಗಲ್ಲಿನ ಮೇಲಿಟ್ಟ ಚಾಕು

ಪೆನ್ಸಿಲ್ ಕೆತ್ತಿದಾಗ ಏಳುವ ವಾಸನೆಯನ್ನು ನೀವು ಎಂದಾದರೂ ಸುಮ್ಮನೆ ಕೂತು ಮೂಸಿದ್ದೀರಾ? ನಾನು ಮೂವತ್ತೊಂದು ವರ್ಷ ಅದೇ ವಾಸನೆಯ ನಡುವೆ ನೌಕರಿ ಮಾಡಿದವಳು. ಸೀಮೆಸುಣ್ಣದ ಪುಡಿ ಮೂಗಿಗೆ, ಪೆನ್ಸಿಲ್ಲಿನ ಹೊಟ್ಟು ಸೀರೆಯ ನೆರಿಗೆಗೆ, ಇದು ಪ್ರಾಥಮಿಕ ಶಾಲೆಯ ಟೀಚರ ಪಾಲು. ಇವತ್ತು ಬೆಳಿಗ್ಗೆ ರೋಣದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಪತ್ರಿಕೆಯ ಪದಬಂಧ ತುಂಬಲೆಂದು ಪೆನ್ಸಿಲ್ ಕೆತ್ತುತ್ತಿದ್ದೆ. ಕೆತ್ತಿ ಮುಗಿಸಿ ಚಾಕು ಮಡಿಚಿದರೆ ಅದು ಯಾಕೋ ಕೈಗೆ ಹಗುರವಾಗಿ ಬಂತು, ‘ಟಕ್’ ಸದ್ದೂ ಮೆತ್ತಗೆ ಕೇಳಿಸಿತು. ಒಳಗಿನ ಸ್ಪ್ರಿಂಗು ಸಡಿಲಾಯಿತೇನೋ ಎಂದು ಎರಡು ಮೂರು ಸಲ ತೆರೆದು ಮುಚ್ಚಿ ನೋಡಿದೆ. ತಂದು ಇನ್ನೂ ಐದು ತಿಂಗಳಾಗಿಲ್ಲ.

ದೂರು ಹೇಳುವ ಮೊದಲು ಈ ಚಾಕು ನನ್ನ ಕೈಗೆ ಬಂದದ್ದು ಹೇಗೆಂದು ಹೇಳಬೇಕು. ಅದಕ್ಕೂ ಮೊದಲು ಹಳೆಯ ಚಾಕುವಿನ ಮಾತು. ಟೀಚರಾದವಳಿಗೆ ಹಿಂದಿನ ಪಾಠ ಒಪ್ಪಿಸದೆ ಮುಂದಿನದಕ್ಕೆ ಹೋಗಲು ಮನಸ್ಸು ಬರುವುದಿಲ್ಲ, ತುಸು ತಾಳಿಕೊಳ್ಳಿ.

ನನ್ನ ಮೊದಲ ನೌಕರಿ ಸೂಡಿಯಲ್ಲಿ. ಒಂದನೇ ಇಯತ್ತೆಯಲ್ಲಿ ನಲವತ್ತು ಮಕ್ಕಳು, ನಲವತ್ತು ಮೊಂಡು ಪೆನ್ಸಿಲ್ಲು. ಮನೆಯಿಂದ ಅರ್ಧ ಬ್ಲೇಡು ತಂದು ಕೆತ್ತಲು ಹೋಗಿ ದಿನಕ್ಕೊಬ್ಬರು ಬೆರಳು ಕೊಯ್ದುಕೊಳ್ಳುತ್ತಿದ್ದರು. ಮೆಂಡರ್ ತಂದಿಟ್ಟರೆ ಮಧ್ಯಾಹ್ನದೊಳಗೆ ಮಾಯ. ಕೊನೆಗೆ, ಒಂದು ಒಳ್ಳೆಯ ಮಡಿಚುವ ಚಾಕು ಕೊಂಡು ಎಲ್ಲರ ಪೆನ್ಸಿಲ್ಲನ್ನೂ ನಾನೇ ಕೆತ್ತುವುದೆಂದು ನಿಶ್ಚಯಿಸಿ, ಒಂದು ಶನಿವಾರ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಮೌನೇಶಪ್ಪ ಎಂಬ ಕಂಬಾರನ ಕುಲುಮೆ ಇತ್ತು. ಕುಡುಗೋಲು, ಕೊಡಲಿಗಳ ಜೊತೆಗೆ ಕುರಿ ಕಾಯುವವರಿಗೂ ಎಲೆ ಅಡಿಕೆ ಹಾಕುವವರಿಗೂ ಜೇಬಿನ ಚಾಕು ಮಾಡುತ್ತಿದ್ದ.

ಶಾಲೆಯ ಮಕ್ಕಳ ಪೆನ್ಸಿಲ್ ಕೆತ್ತಲು ಬೇಕೆಂದೆ. ಗೋಣಿತಟ್ಟಿನ ಮೇಲೆ ಹತ್ತು ಹನ್ನೆರಡು ಚಾಕು ಹರಡಿದ್ದವು. ನಾನು ಓದಿದವಳಲ್ಲವೇ, ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದ ಒಂದನ್ನೇ ಎತ್ತಿಕೊಂಡೆ.

“ಅದನ್ನ ಪ್ಯಾಟಿಯಿಂದ ತಂದಿಟ್ಟೀನ್ರಿ ಟೀಚರ, ನೋಡೋರಿಗೆ. ಕೊಯ್ಯೋರಿಗೆ ಇವು,” ಎಂದು ಮೌನೇಶಪ್ಪ ಉಳಿದ ಕಪ್ಪು ಚಾಕುಗಳ ಕಡೆ ಗದ್ದ ತಿರುಗಿಸಿದ. ಆಮೇಲೆ ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ನನ್ನ ಮುಂದೆ ಇಟ್ಟ. “ಇದನ್ನಿಷ್ಟು ಹೆಚ್ಚಿ ತೋರಸ್ರಿ.”

ಚಾಕು ಕೊಳ್ಳಲು ಬಂದವರಿಗೆ ಪರೀಕ್ಷೆ! ಪರೀಕ್ಷೆ ಮಾಡುವವಳು ನಾನು ಎಂದು ಒಳಗೇ ಸಿಟ್ಟು ಬಂದರೂ ಹೆಚ್ಚಿದೆ. ಅವನು ಸೌತೆಕಾಯಿಯನ್ನು ನೋಡಲೇ ಇಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ.

“ನೀವು ಭಾರ ಎಲ್ಲಾ ಹೆಬ್ಬೆರಳ ಮ್ಯಾಲೆ ಹಾಕ್ತೀರಿ. ನಿಮಗ ಬೆನ್ನು ದಪ್ಪ ಇದ್ದದ್ದು ಬೇಕು, ಇಲ್ಲಾಂದ್ರ ಸಂಜಿಮಟಾ ಪೆನ್ಸಿಲ್ ಕೆತ್ತಿದ್ರ ಬೆರಳು ಬಾತು ಕುಂಬಳಕಾಯಿ ಆಗತೈತಿ.”

ಆವತ್ತು ಅವನು ಕಲಿಸಿದ್ದನ್ನು ಇವತ್ತಿಗೂ ಮರೆತಿಲ್ಲ. ಅಲಗನ್ನು ಅರ್ಧ ತೆರೆದು ಅತ್ತಿತ್ತ ಅಲ್ಲಾಡಿಸಿದರೆ ಕೀಲು ಕದಲಬಾರದು. ತೆರೆದಾಗಲೂ ಮುಚ್ಚಿದಾಗಲೂ ‘ಟಕ್’ ಎನ್ನಬೇಕು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಕಿರುಬೆರಳಿನ ಆಚೆ ಇನ್ನೊಂದಿಷ್ಟು ಉಳಿಯಬೇಕು. ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು ನೋಡದೆಯೇ ಕೈಗೆ ಸಿಗಬೇಕು. “ಜಂಗ ಹಿಡೀತೈತಿ ಅಂತ ಅಂಜಬ್ಯಾಡ್ರಿ, ದಿನಾ ಒರಸಿ ಒಂದು ಹನಿ ಕೊಬ್ಬರಿ ಎಣ್ಣಿ ಸವರ್ರಿ. ಜಂಗ ಹಿಡಿಯೋ ಕಬ್ಬಿಣಾನ ಚಲೋ ಮಸೀತೈತಿ,” ಎಂದ. ಹಳೆಯ ಲಾರಿಯ ಕಮಾನುಪಟ್ಟಿಯ ಅಲಗು, ಜಾಲಿಯ ಹಿಡಿ ಇದ್ದ ಒಂದನ್ನು ಆರಿಸಿದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮೆಲ್ಲಗೆ ಇಟ್ಟು, “ಎತ್ತಗೋರಿ,” ಎಂದ. “ಚಾಕು ಕೈಯಿಂದ ಕೈಗೆ ಕೊಡಬಾರದ್ರಿ. ಕೊಟ್ಟೋರಿಗೂ ಇಸಗೊಂಡೋರಿಗೂ ಜಗಳ ಬೀಳತೈತಿ.”

ಹೊಸದಾಗಿ ಟೀಚರಾದವಳು, ಮೂಢನಂಬಿಕೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಸೋಮವಾರ ಶಾಲೆಯಲ್ಲಿ ದೊಡ್ಡ ಇಯತ್ತೆಯ ಒಬ್ಬಳು ಹುಡುಗಿ ಚಾಕು ಕೇಳಿ ಕೈ ಚಾಚಿದಳು. ಆ ಅಂಗೈ ಕಂಡದ್ದೇ ನಾನು ಚಾಕುವನ್ನು ಮೇಜಿನ ಮೇಲಿಟ್ಟು, “ಎತ್ತಿಕೋ, ಕೈಯಾಗ ಕೊಡಬಾರದು,” ಎಂದಿದ್ದೆ. ನನ್ನ ನಗೆ ಎರಡು ದಿನವೂ ಬಾಳಲಿಲ್ಲ ನೋಡಿ. ಆಮೇಲೆ ಶಾಲೆಯ ದೊಡ್ಡ ಮಕ್ಕಳೆಲ್ಲ ಅದೇ ಪಾಠ ಕಲಿತರು, ಒಬ್ಬರ ಬೆರಳಿಗೂ ಗಾಯವಾಗಲಿಲ್ಲ. ಸೂಡಿ, ಇಟಗಿ, ಬೆಳವಣಕಿ, ಎಲ್ಲಿಗೆ ವರ್ಗವಾದರೂ ಆ ಚಾಕು ನನ್ನ ಪರ್ಸಿನಲ್ಲೇ ಬಂತು.

ಹೋದ ವರ್ಷ ನನಗೆ ಲಕ್ವಾ ಹೊಡೆಯಿತು. ದೊಡ್ಡದಲ್ಲ ಎಂದರು ಡಾಕ್ಟರು. ಆದರೆ ಹೋದದ್ದು ಬಲಗೈ. ಕಾಲು ಒಂದು ತಿಂಗಳೊಳಗೆ ಮಾತು ಕೇಳಿತು, ಕೈ ಕೇಳಲಿಲ್ಲ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ತಟ್ಟೆಯಲ್ಲಿ ಕಡಲೆಕಾಳು ಹಾಕಿ ಒಂದೊಂದನ್ನೇ ಎತ್ತಿರಿ ಎನ್ನುತ್ತಿದ್ದಳು. ಕಾಳು ಜಾರುತ್ತಿತ್ತು, ನನ್ನ ಕಣ್ಣು ತುಂಬುತ್ತಿತ್ತು. ಮೂವತ್ತೊಂದು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದ ಕೈಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ನನ್ನ ಯಜಮಾನರು ನರಗುಂದದವರು, ಪಶು ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದವರು. ಎತ್ತಿನ ಒದೆಗೆ ಅಂಜದ ಮನುಷ್ಯ ನನ್ನ ಕೈಗೆ ಅಂಜಿಬಿಟ್ಟರು. ನೀರಿನ ಲೋಟ, ಬಾಚಣಿಗೆ, ಚಷ್ಮಾ, ಎಲ್ಲವನ್ನೂ ತಂದು ಎಡಗೈಯೊಳಗೇ ಇಡುವರು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಚಾಕುವಿನಿಂದ ಎಣ್ಣೆ ಡಬ್ಬಿ ಮೀಟಲು ಹೋಗಿ ಅಲಗು ಮುರಿದಿದ್ದರು. ಅದನ್ನು ಒಪ್ಪಿಕೊಳ್ಳಲು ಅವರಿಗೆ ಎರಡು ತಿಂಗಳು ಬೇಕಾಯಿತು. ಪ್ರಾಯಶ್ಚಿತ್ತಕ್ಕೆಂದು ಆನ್‌ಲೈನಿನಲ್ಲಿ ಹನ್ನೊಂದು ಉಪಕರಣಗಳಿರುವ ಒಂದು ಚಾಕು ತರಿಸಿದರು. ಅದರಲ್ಲಿ ಮೀನಿನ ಪೊರೆ ತೆಗೆಯುವ ಅಲಗೂ ಇತ್ತು. ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಮೀನು ಹೊಸ್ತಿಲು ದಾಟಿಲ್ಲ. ಆ ಚಾಕುವನ್ನಂತೂ ನಾವಿಬ್ಬರೂ ಸೇರಿ ಜಗ್ಗಿದರೂ ತೆರೆಯಲಾಗಲಿಲ್ಲ.

“ಗಜೇಂದ್ರಗಡಕ್ಕ ಹೋಗೂಣ ನಡೀರಿ. ನನಗ ನನ್ನ ಚಾಕು ಬೇಕು,” ಎಂದೆ.

“ಈ ಕೈಲೆ ಚಾಕು ಹಿಡೀತಿಯೇನ? ಬ್ಯಾಡ ಸುಮ್ನಿರು.”

ನಾನು ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದೆ, ಅವರಿಗೆ ಹೇಳಿರಲಿಲ್ಲ. ಅಲ್ಲಿ ಸೌತೆಕಾಯಿ ಮುಂದಿಟ್ಟು ನನ್ನ ಕೈ ನೋಡುತ್ತಾರಲ್ಲ, ಆಗದು ಎಂದರೆ ಇನ್ನು ಬಲಗೈಯ ಆಸೆ ಬಿಟ್ಟು ಎಡಗೈಯಲ್ಲಿ ಬಾಳುವುದು ಕಲಿಯುತ್ತೇನೆ. ಡಾಕ್ಟರ ಮಾತಿಗಿಂತ ಆ ಕುಲುಮೆಯ ಮಾತಿಗೆ ನಾನು ಹೆದರಿದ್ದೆ.

ಮೌನೇಶಪ್ಪ ಈಗಿಲ್ಲ. ಕುಲುಮೆ ನಡೆಸುವವಳು ಅವನ ಮಗಳು ಕಾಳವ್ವ, ಐವತ್ತರ ಹೆಂಗಸು. ಊದಲು ಕರೆಂಟಿನ ಫ್ಯಾನು ಬಂದಿದೆ, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಅಡಿಗಲ್ಲು ಮಾತ್ರ ಅಲ್ಲೇ ಇದೆ. ಸೂಡಿಯ ಟೀಚರು ಎಂದದ್ದಕ್ಕೆ ನಕ್ಕು ಮಣೆ ಹಾಕಿದಳು. ಅಪ್ಪನ ಹಾಗೇ ಬುಟ್ಟಿಗೆ ಕೈ ಹಾಕಿ ಸೌತೆಕಾಯಿ ತೆಗೆದಳು.

“ಅಕಿ ಕೈ ಬರೋಬರಿ ಇಲ್ಲವ್ವಾ, ನಾ ಹೆಚ್ಚತೀನಿ ತಾ,” ಎಂದು ಯಜಮಾನರು ಮುಂದೆ ಬಂದರು.

“ಚಾಕು ನಿಮಗ ಬೇಕೇನ್ರಿ, ಅವರಿಗೇನ್ರಿ?” ಎಂದಳು ಕಾಳವ್ವ. ಯಜಮಾನರು ಹಿಂದೆ ಸರಿದರು.

ಹೆಚ್ಚಿದೆ. ಮೊದಲನೆಯ ಸಲ ಚಾಕು ಜಾರಿತು. ಎರಡನೆಯ ಹೋಳು ಹೆಬ್ಬೆಟ್ಟಿನಷ್ಟು ದಪ್ಪ, ಮೂರನೆಯದು ಒಂದು ಕಡೆ ದಪ್ಪ, ಒಂದು ಕಡೆ ಹಾಳೆ. ಅರ್ಧ ಸೌತೆಕಾಯಿಗೆ ಬೆವರಿದೆ. ಕಾಳವ್ವ ಕೈಯನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಕೂತ ಮಕ್ಕಳಿಗೆ ಹೊಟ್ಟೆನೋವು ಯಾಕೆ ಬರುತ್ತದೆಂದು ನನಗೆ ಆವತ್ತು ತಿಳಿಯಿತು.

“ಹೆಬ್ಬೆರಳು ಲಗೂನ ದಣೀತೈತಿ, ಖರೇ,” ಎಂದಳು ಕೊನೆಗೆ. “ಆದ್ರ ಭಾರ ಎಲ್ಲಿ ಹಾಕಬೇಕು ಅನ್ನೋದನ್ನ ಮರ್ತಿಲ್ರಿ. ಬೆನ್ನು ದಪ್ಪಂದ ಕೊಡ್ತೀನಿ. ಉಗುರಿನ ಗೀರು ಅಗಲ ಮಾಡಿ, ಸ್ಪ್ರಿಂಗ್ ತುಸು ಮೆತ್ತಗ ಮಾಡ್ತೀನಿ. ಕೈ ಗಟ್ಟಿ ಆದಂಗ ಅದು ನಿಮಗ ಸಡಲ ಅನಸ್ತೈತಿ. ಅವಾಗ ಬರ್ರಿ, ಬಿಗಿ ಮಾಡಿ ಕೊಡ್ತೀನಿ.”

ಒಂದು ತಾಸು ಕೂತೆವು. ಚಾಕು ಸಿದ್ಧವಾಯಿತು. ಅವಳು ಅದನ್ನು ಒರೆಸಿ, ಮಡಿಚಿ, ಅಡಿಗಲ್ಲಿನ ಮೇಲೆ ಇಟ್ಟಳು. ಅಷ್ಟು ತಿಂಗಳಿಂದ, ವ್ಯಾಯಾಮದ ಕಡಲೆಕಾಳು ಬಿಟ್ಟರೆ, ಮನೆಯಲ್ಲಿ ಯಾರೂ ನನ್ನ ಮುಂದೆ ಏನನ್ನೂ ಇಟ್ಟಿರಲಿಲ್ಲ, ಎಲ್ಲರೂ ಕೈಯೊಳಗೇ ಕೊಡುತ್ತಿದ್ದರು. ಯಜಮಾನರು ತಟ್ಟನೆ ಕೈ ಚಾಚಿದರು. ಕಾಳವ್ವ ನಡುವೆ ಕೈ ಅಡ್ಡ ಹಿಡಿದಳು.

“ಅವರ ಚಾಕು ಅವರ ಎತ್ತಗೋಬೇಕ್ರಿ.”

ಬಗ್ಗಿದೆ. ಎರಡು ಸಲ ಬೆರಳು ಜಾರಿ ಚಾಕು ಅಡಿಗಲ್ಲಿನ ಮೇಲೆ ಗಿರ್ರನೆ ತಿರುಗಿತು. ಮೂರನೆಯ ಸಲ ಹೆಬ್ಬೆರಳು, ತೋರುಬೆರಳು ಎರಡೂ ಸೇರಿದವು, ಎತ್ತಿದೆ. ಬಜಾರಿನ ನಡುವೆ, ಗಿರಾಕಿಗಳ ಮುಂದೆ, ನಾಚಿಕೆ ಬಿಟ್ಟು ಅತ್ತೆ. ಅಷ್ಟು ಸಂತೋಷ ನನಗೆ ನೌಕರಿಯ ಆರ್ಡರು ಬಂದಾಗಲೂ ಆಗಿರಲಿಲ್ಲ. ಯಜಮಾನರು ಗುಡ್ಡದ ಕಡೆ ತಿರುಗಿ ಗಾಳಿಯಂತ್ರ ಎಣಿಸುತ್ತಿರುವವರ ಹಾಗೆ ನಿಂತಿದ್ದರು.

ಹೀಗೆ ಬಂದ ಚಾಕು ಇದು. ಇಷ್ಟು ಬರೆದದ್ದೂ ಬಲಗೈಯಲ್ಲೇ, ಅಕ್ಷರ ಒಂದನೇ ಇಯತ್ತೆಯ ಮಕ್ಕಳದಂತಿದೆ, ನೀವು ಅಚ್ಚಿನಲ್ಲಿ ಓದುವುದರಿಂದ ನನ್ನ ಮಾನ ಉಳಿದಿದೆ. ಬರೆಯುತ್ತಿರುವಾಗಲೇ ಯಜಮಾನರು ಪೇರಲಹಣ್ಣು ಹಿಡಿದು ಬಂದು ಚಾಕು ಕೇಳಿ ಕೈ ಚಾಚಿದರು. ನಾನು ಅದನ್ನು ಕಟ್ಟೆಯ ಮೇಲಿಟ್ಟೆ. ಎತ್ತಿಕೊಂಡರು.

“ಅದರ ಸ್ಪ್ರಿಂಗ್ ಸಡಲ ಆದಂಗ ಆಗೇತ್ರಿ,” ಎಂದೆ.

ಅವರು ತೆರೆದರು, ಮುಚ್ಚಿದರು, ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತೆರೆದರು. “ಇಲ್ಲಲೇ, ತಂದಾಗ ಹ್ಯಾಂಗಿತ್ತು ಹಂಗ ಐತಿ,” ಎಂದವರು ಅಲ್ಲೇ ತಡೆದು ನನ್ನ ಬಲಗೈಯನ್ನು ನೋಡಿದರು. ಹಣ್ಣನ್ನು ಹಾಗೇ ಬಿಟ್ಟು ಒಳಗೆ ಹೋದರು. ಬಂದಾಗ ಅಂಗಿ ಹಾಕಿಕೊಂಡಿದ್ದರು, ಕೈಯಲ್ಲಿ ನನ್ನ ಪರ್ಸು ಇತ್ತು.

“ಏಳ ಲಗೂನ, ಗಜೇಂದ್ರಗಡದ ಬಸ್ಸು ತಪ್ಪತೈತಿ,” ಎಂದು ಅದನ್ನು ನನ್ನ ಮುಂದೆ ಕಟ್ಟೆಯ ಮೇಲೆ ಇಟ್ಟರು.