ಪದ್ಮಾಬಾಯಿ ಸಹಿ ನೋಡುತ್ತಿದ್ದ ರೀತಿ

ಹನುಮಾನ್ ಘಾಟಿನ ಪದ್ಮಾಬಾಯಿ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ಊರಿನ ಲಂಕಾ ಎಂಬ ಪೇಟೆಯ ಹಳೇ ಪುಸ್ತಕದ ಅಂಗಡಿಯವರು, ದೊಡ್ಡವರ ಹಸ್ತಾಕ್ಷರ ಕೂಡಿಹಾಕುವ ಹವ್ಯಾಸಿಗಳು, ಒಂದು ಸಹಿಯ ಬಗ್ಗೆ ಅನುಮಾನ ಬಂದರೆ ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು.

ಆ ಕಣ್ಣು ಅವರಿಗೆ ಬಂದದ್ದು ಗಂಡನ ಮನೆಯ ವಹಿಗಳಿಂದ. ಅದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಮನೆ. ಯಾತ್ರಿಕ ಬಂದರೆ ಅವನ ಊರಿನ ವಹಿ ತೆಗೆದು ಅಜ್ಜನ ಸಹಿ ತೋರಿಸುವುದು, ಅದರ ಕೆಳಗೆ ಅವನ ಸಹಿ, ಮಕ್ಕಳ ಹೆಸರು ಅವನ ಕೈಯಿಂದಲೇ ಬರೆಸಿಕೊಳ್ಳುವುದು ಪದ್ಧತಿ. ಹದಿನಾರನೆಯ ವಯಸ್ಸಿನಿಂದ ಪದ್ಮಾಬಾಯಿ ಆ ಪುಟಗಳನ್ನು ನೋಡುತ್ತ ಬಂದಿದ್ದರು.

ನಾನು ಆಗ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಅವರ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಅವರು ಹೇಳಿದ ಅಭಿಪ್ರಾಯವನ್ನು ಕಾರ್ಡಿನ ಮೇಲೆ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಪ್ರತಿ ಸಹಿಗೂ ಎರಡು ತೀರ್ಪು: ಕೈ ಯಾರದು, ಮೈ ಹೇಗಿದೆ. ಮೈ ಎಂದರೆ ಕಾಗದ, ಮಸಿ, ಕಲೆ, ಕತ್ತರಿಸಿದ ಅಂಚು, ಅಂಟು. ಇದು ಸುಲಭ. ಕೈ ಕಷ್ಟ. ಸಹಿ ಮಾಡುವವನ ಕೈ ಕಾಗದ ಮುಟ್ಟುವ ಮೊದಲೇ ಓಡುತ್ತಿರುತ್ತದೆ, ಬಿಟ್ಟ ಮೇಲೂ ಓಡುತ್ತದೆ. ಆದ್ದರಿಂದ ಗೆರೆಯ ಎರಡು ತುದಿಯೂ ಸಣ್ಣಗಾಗಿರುತ್ತವೆ. ನಕಲು ಮಾಡುವವನು ಲೇಖನಿ ಊರಿ, ಆಮೇಲೆ ಹೊರಡುತ್ತಾನೆ. ತುದಿ ಮೊಂಡಾಗುತ್ತದೆ. ನಾನು ಲ್ಯಾಬಿನಿಂದ ಭೂತಗನ್ನಡಿ ತಂದು ಇಪ್ಪತ್ತಮೂರು ಸಹಿಗಳ ಮೇಲೆ ಇದನ್ನು ಪರೀಕ್ಷಿಸಿದ್ದೇನೆ. ಒಂದರಲ್ಲೂ ಅವರು ತಪ್ಪಿರಲಿಲ್ಲ.

೧೯೭೪ರ ಕಾರ್ತೀಕದಲ್ಲಿ ಹುಬ್ಬಳ್ಳಿಯಿಂದ ವನಮಾಲಾ ಎಂಬ ಶಾಲಾಶಿಕ್ಷಕಿ ಬಂದರು. ನಲವತ್ತನಾಲ್ಕು ವರ್ಷ. ತಂದೆ ಮಣ್ಣೂರ ವೆಂಕೋಬರಾಯರು ಒಂದು ಕಾಲಕ್ಕೆ ಹೆಸರಾದ ಗಾಯಕ ನಟ. ಮಗಳಿಗೆ ವರ್ಷ ತುಂಬುವ ಮೊದಲೇ ತೀರಿಕೊಂಡವರು. ಮನೆಯಲ್ಲಿ ಅವರ ಕೈಬರಹದ ಒಂದು ಚೂರೂ ಉಳಿದಿರಲಿಲ್ಲ. ವನಮಾಲಾ ಹವ್ಯಾಸಿಗಳಿಂದ ಸಹಿಯಿದ್ದ ನಾಲ್ಕು ಫೋಟೋಗಳನ್ನು ಬೇಡಿ ತಂದಿದ್ದರು.

ಪದ್ಮಾಬಾಯಿ ನಾಲ್ಕನ್ನೂ ಸಾಲಾಗಿ ಇಟ್ಟರು. "ಒಂದರ ಮ್ಯಾಲೊಂದು ಇಟ್ಟರ ಕೂದಲೆಳಿ ಹೆಚ್ಚುಕಡಿಮಿ ಇಲ್ಲ. ಮನಷಾ ನಾಕು ಸರ್ತೆ ಒಂದ ನಮೂನಿ ಸಹಿ ಮಾಡ್ತಾನೇನವ್ವಾ? ಇದು ನಾಟಕ ಕಂಪನಿಯವರ ರಬ್ಬರ್ ಶಿಕ್ಕಾ."

ವನಮಾಲಾ ಫೋಟೋಗಳನ್ನು ಚೀಲಕ್ಕೆ ಹಾಕಿಕೊಂಡರು. "ಅವರು ತಾಯಿ ಶ್ರಾದ್ಧಕ್ಕ ಇಲ್ಲಿಗೆ ಬಂದಿದ್ರಂತ್ರಿ, ನಾ ಹುಟ್ಟಿದ ವರ್ಷ. ನಿಮ್ಮ ವಹಿಯೊಳಗರ ಸಿಕ್ಕೀತೇನು?"

ಈಗ ಪೌರೋಹಿತ್ಯ ನಡೆಸುತ್ತಿದ್ದವನು ಪದ್ಮಾಬಾಯಿಯ ಮೈದುನನ ಮಗ ವಿಶ್ವನಾಥ. ಅವನು ವಹಿ ತಂದು ಪುಟ ತೆಗೆದ. ಕಪ್ಪಾಗಿ, ದುಂಡಾಗಿ, ನಿಚ್ಚಳವಾಗಿ ಇತ್ತು ಸಹಿ. ವನಮಾಲಾ ಎರಡೂ ಕೈ ಜೋಡಿಸಿದರು.

ಪದ್ಮಾಬಾಯಿ ನೋಡಿದರು. ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ನೋಡಿದರು.

"ಮೈ ಚಂದ ಅದ," ಎಂದರು ಕೊನೆಗೆ. "ಕೈ ನಂದು."

"ಅರೆ ಕಾಕು!" ವಿಶ್ವನಾಥ ಗಾಬರಿಯಾದ. "ಛೋಡಿಯೇ ನಾ, ಬಿಟ್ಟಬಿಡ್ರಿ! ಅಷ್ಟು ದೂರದಿಂದ ಬಂದಾರ, ಹೌದು ಅಂದಬಿಟ್ರ ಏನಾಗ್ತದ?"

"ನೀ ಸುಮ್ಮನಿರೋ."

ಆ ಮನೆಯಲ್ಲಿ ಪಿತೃಪಕ್ಷದ ಮೊದಲು ವಹಿಗಳನ್ನು ಬಿಸಿಲಿಗೆ ಹಾಕಿ, ಮಾಸಿದ ಹೆಸರುಗಳ ಮೇಲೆ ಹೊಸ ಮಸಿ ತಿದ್ದುವ ವಾಡಿಕೆಯಿತ್ತು. ವಂಶದ ಹೆಸರು ಅಳಿಯಬಾರದೆಂಬ ಭಕ್ತಿ ಅದು. ಸೊಸೆಯ ಅಕ್ಷರ ಚೆನ್ನಾಗಿದೆಯೆಂದು ಮಾವನವರು ಆ ಕೆಲಸ ಅವರಿಗೆ ಒಪ್ಪಿಸಿದ್ದರು. ವೆಂಕೋಬರಾಯರು ಬರೆದದ್ದು ತಮ್ಮ ಪೆನ್ನಿನ ನೀಲಿ ಮಸಿಯಲ್ಲಿ. ಅದು ಬೇಗ ಹಾರುತ್ತದೆ. ಪದ್ಮಾಬಾಯಿ ಇಪ್ಪತ್ತರ ವಯಸ್ಸಿನಲ್ಲಿ ಅದರ ಮೇಲೆ ಬೊರು ಎಂಬ ಜೊಂಡಿನ ಲೇಖನಿಯಿಂದ ಕಾಡಿಗೆಮಸಿ ಎಳೆದಿದ್ದರು.

ಅವರು ಇದೆಲ್ಲವನ್ನೂ ಹೇಳಿದರು. "ಪುಣ್ಯದ ಕೆಲಸಂತ ಮಾಡಿದೆ, ತಂಗೀ. ನಿಮ್ಮಪ್ಪನ ಕೈ ನಾನs ಮುಚ್ಚಿಬಿಟ್ಟೆ."

ವನಮಾಲಾ ನನ್ನ ಕಡೆ ತಿರುಗಿದರು. "ನೀವು ಕೆಮಿಸ್ಟ್ರಿಯವರಲ್ರಿ? ಮ್ಯಾಲಿನದಷ್ಟು ತೆಗೀಲಿಕ್ಕೆ ಬರೂದುಲ್ಲೇನು?"

ಕಾಡಿಗೆ ಎಂದರೆ ಇಂಗಾಲ. ಯಾವ ದ್ರಾವಣದಲ್ಲೂ ಕರಗುವುದಿಲ್ಲ. ಬರುವುದಿಲ್ಲ ಎಂದೆ. ಆ ಒಂದು ಮಾತನ್ನು ಅಷ್ಟು ನೇರವಾಗಿ ಹೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವರು ಚೀಲ ಎತ್ತಿಕೊಂಡು ಎದ್ದರು.

"ಕೂಡು," ಎಂದರು ಪದ್ಮಾಬಾಯಿ. ವಹಿಯನ್ನು ಕಿಟಕಿಯ ಕಟ್ಟೆಗೆ ಒಯ್ದು, ಹೊಳೆಯ ಆಚೆಯಿಂದ ಬರುತ್ತಿದ್ದ ಎಳೆಬಿಸಿಲಿಗೆ ಓರೆಯಾಗಿ ಹಿಡಿದರು. ಸಹಿಯ ಕೆಳಗೆ ಎರಡು ಬೆರಳಗಲ ಖಾಲಿ ಜಾಗವಿತ್ತು. ಅಲ್ಲಿ ಮೆಲ್ಲಗೆ ಬೆರಳಾಡಿಸಿದರು. ನಿಂತರು. ಮತ್ತೆ ಮೊದಲಿನಿಂದ ಆಡಿಸಿದರು.

"ಮಾವನವರು ಗಂಡಸರ ಹೆಸರಷ್ಟs ತಿದ್ದು ಅಂತಿದ್ರು. ಹೆಣ್ಣುಮಕ್ಕಳು ಕೊಟ್ಟ ಮನಿಗೆ ಹೋಗೋರು, ಅವರ ಹೆಸರು ಯಾಕಂತ. ಹಿಂಗಾಗಿ ಈ ಸಾಲು ನಾ ಮುಟ್ಟಿಲ್ಲ. ಬಾ, ನೋಡು."

ನಾನೂ ಬಗ್ಗಿ ನೋಡಿದೆ. ಬಣ್ಣ ಇಲ್ಲವೆಂದೇ ಹೇಳಬೇಕು. ಆದರೆ ನಿಬ್ಬು ಒತ್ತಿದ ಕಡೆ ಕಾಗದ ಕುಳಿಬಿದ್ದಿತ್ತು. ಓರೆ ಬಿಸಿಲಿಗೆ ಕುಳಿಗಳಲ್ಲಿ ನೆರಳು ನಿಂತು ಅಕ್ಷರಗಳಾಗಿದ್ದವು. ತುದಿಗಳು ಸಣ್ಣಗಿದ್ದವು. ಅವಸರದ, ಹಗುರಾದ ಕೈ.

"ಓದು," ಎಂದರು ಪದ್ಮಾಬಾಯಿ.

ವನಮಾಲಾ ಓದಿದರು. "ಮಗಳು... ಚಿರಂಜೀವಿ ವನಮಾಲಾ. ಮೂರು ತಿಂಗಳು." ಆಮೇಲೆ ತಮ್ಮ ತೋರುಬೆರಳನ್ನು ಆ ಸಾಲಿನ ಮೊದಲ ಕುಳಿಯಲ್ಲಿ ಇಟ್ಟು, ಅಕ್ಷರ ತಿದ್ದುವ ಮಗುವಿನ ಹಾಗೆ ಹೋದ ದಾರಿಯಲ್ಲೇ ಹೋದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು.

"ಕಾಕು," ವಿಶ್ವನಾಥ ಮೆಲ್ಲಗೆ ಕೇಳಿದ, "ಇದರ ಮ್ಯಾಲೂ ಒಂದೀಟು ಮಸಿ ಹಚ್ಚಿದ್ರ ಅವರಿಗೆ ಛಲೋ ಕಾಣ್ತಿತ್ತಲ್ಲ?"

"ಆ ಬೊರು ಮುಟ್ಟು, ನಿನ್ನ ಕೈ ಮುರೀತೀನಿ."

ವನಮಾಲಾ ನಕ್ಕರು, ಕಣ್ಣು ಒರೆಸಿಕೊಂಡರು. ಬಿಸಿಲು ಮೇಲೇರಿತು. ನೆರಳು ತುಂಬಿದ್ದ ಕುಳಿಗಳು ಒಂದೊಂದಾಗಿ ಬರಿದಾಗಿ, ಸಾಲು ಮತ್ತೆ ಬಿಳಿ ಕಾಗದವಾಯಿತು. ಅವರು ಆದರೂ ಕಟ್ಟೆ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ರೈಲಿಗೆ ಟಿಕೇಟಿದೆಯಲ್ಲವೇ ಎಂದು ನಾನು ನೆನಪಿಸಿದೆ. ಅವರಿಗೆ ಕೇಳಿಸಲಿಲ್ಲವೋ ಏನೋ.

"ನಾಳೆ ಬಿಸಿಲು ಎಷ್ಟಕ್ಕ ಬರತದ್ರಿ ಇಲ್ಲಿ?"

"ಏಳಕ್ಕ," ಎಂದರು ಪದ್ಮಾಬಾಯಿ. "ಆರೂವರಿಗೇ ಬಂದ ಕೂಡು. ಚಹಾ ಇಲ್ಲೇ ಕುಡದರಾತು."