ಕೆಂಪಿ ವಾಡೆಯ ಹಿಂದೆ ನಿಂತ ವರ್ಷ

ಈ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಮೊಳಕೆ ರಾಗಿ ಹುರಿಯುತ್ತಿದ್ದರು. ಗಡ್ಡ ಹೆರೆದುಕೊಳ್ಳುತ್ತಿದ್ದವನು ಕತ್ತಿ ಕೆಳಗಿಟ್ಟೆ. ‘ಸೀಯುತ್ತಿದೆ, ಉರಿ ತಗ್ಗಿಸಿ’ ಎಂದು ಕೂಗಬೇಕೆನಿಸಿತು. ಇಪ್ಪತ್ತಾರರ ಬ್ರಹ್ಮಚಾರಿ ಪಕ್ಕದ ಮನೆಯ ಬಾಣಂತಿಗೆ ಬುದ್ಧಿ ಹೇಳಹೊರಟರೆ ಮಂಡ್ಯದಲ್ಲಿ ಬಾಡಿಗೆ ಮನೆ ಉಳಿಯುವುದಿಲ್ಲವೆಂದು ಸುಮ್ಮನಾದೆ. ಆದರೆ ನೀವು ನಂಬಬೇಕು, ಕೂಸಿಗೆ ಗಂಟಿಲ್ಲದ ಹಾಗೆ ರಾಗಿ ಸರಿ ಕಾಯಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿ ಯಾರೂ ಇಲ್ಲ.

ಅದನ್ನು ಕಲಿತದ್ದು ಹದಿನೈದನೆಯ ವಯಸ್ಸಿನಲ್ಲಿ, ಪರೀಕ್ಷೆ ನಪಾಸಾದ ಪುಣ್ಯದಿಂದ. ಆಗ ಅಕ್ಕನ ಗಂಡನ ಊರು ಕೆರಗೋಡಿಗೆ ನಾಲೆಯ ನೀರು ಬಂದ ಹೊಸತು. ಭತ್ತ ಕಂಡರಿಯದ ಹೊಲಗಳೆಲ್ಲ ಗದ್ದೆಯಾಗಿ, ಎಷ್ಟು ಕೈಗಳಿದ್ದರೂ ಸಾಲುತ್ತಿರಲಿಲ್ಲ. ಅಕ್ಕ ನನ್ನನ್ನು ಕರೆಸಿಕೊಂಡು, ಎಂಟು ತಿಂಗಳ ಮಗಳನ್ನು ಮಡಿಲಿಗೆ ಹಾಕಿದಳು. “ಓದು ಅಂತೂ ನಿಂಗೆ ಅತ್ನಿಲ್ಲ. ಮಗೀನಾರ ನೋಡ್ಕೊ ಕಣ್ಲಾ” ಎಂದು ಹೇಳಿ ನಾಟಿಗೆ ಹೊರಟಳು. ಮಗುವಿನ ಹೆಸರು ಕೆಂಪಮ್ಮ. ನನಗೆ ಕೆಂಪಿ.

ಎರಡೂವರೆ ವರ್ಷ ಅವಳು ನನ್ನ ಸೊಂಟದಿಂದ ಇಳಿಯಲಿಲ್ಲ. ಅವಳಿಗೆ ಹಲ್ಲು ಬರುವಾಗ ನನಗೆ ನಿದ್ದೆಯಿಲ್ಲ, ಅವಳಿಗೆ ಭೇದಿಯಾದರೆ ನನಗೆ ಊಟ ಸೇರದು. ಬೀದಿಯ ಹೆಂಗಸರಿಗೆ ನಾನೊಂದು ತಮಾಷೆ. “ಎಂಡ್ರನ್ನ ಸೊಂಟದ ಮ್ಯಾಕೆ ಒತ್ಕೊಂಡು ಎಲ್ಲಿಗ್ಲಾ ಸವಾರಿ?” ಎಂದು ಕೂಗುತ್ತಿದ್ದರು. ನಮ್ಮ ಕಡೆ ಅಕ್ಕನ ಮಗಳೆಂದರೆ ಸೋದರಮಾವನಿಗೇ ಎಂಬುದು ಅವಳು ಹುಟ್ಟಿದ ದಿನವೇ ಹುಟ್ಟುವ ಮಾತು. ನಾನೂ ಹಲ್ಲು ಕಿರಿಯುತ್ತಿದ್ದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅವಳು ಉಣ್ಣಲು ಹಟ ಮಾಡಿದಾಗ, “ಉಣ್ಣದಿದ್ರೆ ನಿನ್ನ ಮದ್ವೆ ಆಗಕಿಲ್ಲ ನೋಡು” ಎಂದು ಹೆದರಿಸುತ್ತಿದ್ದವನು ನಾನೇ. ಅವಳು ಅಳುತ್ತಲೇ ಬಾಯಿ ತೆರೆಯುತ್ತಿದ್ದಳು. ತುತ್ತು ಒಳಗೆ ಹೋದರೆ ನನಗೆ ಗೆದ್ದ ಹೆಮ್ಮೆ. ಎಂಥ ಪೆದ್ದ ನಾನು ಎಂದು ಈಗ ನಾಚಿಕೆಯಾಗುತ್ತದೆ.

ಆಮೇಲೆ ಹೇಗೋ ಪರೀಕ್ಷೆ ಪಾಸಾಗಿ, ಮಂಡ್ಯದ ಬೇಸಾಯದ ಫಾರಂನಲ್ಲಿ ಭತ್ತದ ಪೈರಿನ ಎತ್ತರ ಅಳೆಯುವ ಕೆಲಸ ಸಿಕ್ಕಿತು. ಯುದ್ಧ ಬಂತು, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡಿದವು, ನಾನು ಸೈಕಲ್ಲು ತುಳಿದುಕೊಂಡು ಹದಿನೈದು ದಿನಕ್ಕೊಮ್ಮೆ ಕೆರಗೋಡಿಗೆ ಹೋಗುತ್ತಿದ್ದೆ. ಪೈರು ಅಳೆದು ಅಳೆದು ಅಭ್ಯಾಸವಾಗಿ ಕೆಂಪಿಯನ್ನೂ ಬಾಗಿಲ ಕಂಬಕ್ಕೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದೆ. ಅವಳು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದಳು.

ಈ ಆಷಾಢ ಕಳೆದ ಮೇಲೆ ಎಲ್ಲ ಬದಲಾಯಿತು. ಕೆಂಪಿಗಿಂತ ಎರಡು ವರ್ಷ ದೊಡ್ಡವಳಾದ ಎದುರುಮನೆಯ ಹುಡುಗಿಯನ್ನು ಅವಳ ಸೋದರಮಾವನಿಗೆ ಕೊಟ್ಟು ಮದ್ದೂರಿನ ಕಡೆಗೆ ಕಳಿಸಿದ್ದರು. ಆಷಾಢಕ್ಕೆ ತವರಿಗೆ ಬಂದ ಹುಡುಗಿ ಯಾರೊಂದಿಗೂ ಆಡಲಿಲ್ಲವಂತೆ, ವಾಪಸು ಕರೆದೊಯ್ಯುವ ದಿನ ಕಂಬ ತಬ್ಬಿಕೊಂಡು ಬಿಡಲಿಲ್ಲವಂತೆ. ಮುಂದಿನ ವಾರ ನಾನು ಹೋದಾಗ ಕೆಂಪಿ ಎದುರಿಗೆ ಬರಲಿಲ್ಲ. ನಡುಮನೆಯಲ್ಲಿ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಯಿದೆ. ಅದರ ಹಿಂದಿನಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ನಗುತ್ತಾ ಹತ್ತಿರ ಹೋದೆ. ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅವಳಿಗೆ ನನ್ನನ್ನು ಕಂಡರೆ ಭಯ! ಮನುಷ್ಯನಿಗೆ ತನ್ನ ಬಗ್ಗೆಯೇ ಹೆದರಿಕೆ ಹುಟ್ಟುವುದೆಂದರೆ ಏನೆಂದು ಅಂದು ತಿಳಿಯಿತು.

ಅದೇ ದಿನ ಅಕ್ಕ ಭಾವ ಮಾತು ತೆಗೆದರು. ಹನ್ನೊಂದು ತುಂಬಿತು, ಮಾತು ಮುಗಿಸಿಬಿಡೋಣ, ಮದುವೆ ಇನ್ನೆರಡು ವರ್ಷಕ್ಕೆ ಎಂದರು. ಒಲ್ಲೆ ಎಂದರೆ? ಮಳವಳ್ಳಿ ಕಡೆಯ ಒಬ್ಬ ವಿಧುರನ ಮನೆಯವರು ಕೇಳಿಕೊಂಡು ಬಂದಿದ್ದರು. ನಾನು ಬಿಟ್ಟರೆ ಅವನು ಹಿಡಿದುಕೊಳ್ಳುವವನು. ಯೋಚಿಸಲು ಹದಿನೈದು ದಿನ ಗಡುವು ಕೇಳಿಕೊಂಡು ಬಂದೆ. ದೇಶಕ್ಕೆ ಸ್ವಾತಂತ್ರ್ಯ ಬಂತೆಂದು ಎಲ್ಲರೂ ಬಾವುಟ ಕಟ್ಟುತ್ತಿದ್ದ ವಾರ ನಾನು ಬೆವರುತ್ತಾ ಓಡಾಡುತ್ತಿದ್ದೆ.

ಹೆಣ್ಣನ್ನು ಹೊರಗೆ ಕೊಡುವ ಮೊದಲು ಸೋದರಮಾವ ಹತ್ತು ಜನರ ಎದುರು ತನ್ನ ಕೈಯಾರೆ ಎಲೆ ಅಡಿಕೆ ಕೊಟ್ಟು ಒಪ್ಪಿಗೆ ಹೇಳಬೇಕು. ಅದಿಲ್ಲದೆ ನಮ್ಮವರಲ್ಲಿ ಯಾರೂ ಆ ಹೆಣ್ಣನ್ನು ತರುವುದಿಲ್ಲ. ಗಡುವಿನ ದಿನ ಕುಲದ ಯಜಮಾನರೆಲ್ಲ ಜಗಲಿಯ ಮೇಲೆ ಕೂತಾಗ ಅಕ್ಕ ಎಲೆ ಅಡಿಕೆಯ ತಟ್ಟೆಯನ್ನು ನನ್ನ ಮುಂದಿಟ್ಟಳು. “ನಾನು ಇವಳ ಮೂಗು ಒರೆಸ್ದೋನು ಕಣಕ್ಕ. ತಾಳಿ ಕಟ್ಟಕೆ ಕೈ ಬರಕಿಲ್ಲ” ಎಂದೆ.

“ಅಂಗಾರೆ ಎಲೆ ಅಡಿಕೆ ಎತ್ಕೊಡು, ಮಳವಳ್ಳಿಯೋರ್ಗೆ ಏಳಿ ಕಳುಸ್ತೀವಿ.”

“ಅದೂ ಕೊಡಕಿಲ್ಲ.”

ಅಕ್ಕ ತಟ್ಟೆ ಒದ್ದಳು. “ನೀನೂ ಕಟ್ಕಳಕಿಲ್ಲ, ಇನ್ನೊಬ್ರಿಗೂ ಬುಡಕಿಲ್ಲ. ಎಣ್ಣೆತ್ತೋರು ಏನ್ಲಾ ಮಾಡ್ಬೇಕು? ಓಗು, ಈ ವಸ್ಲು ತುಳೀಬ್ಯಾಡ!” ನಾನು ಸೈಕಲ್ಲು ಹತ್ತಿ ಬಂದೆ.

ಅಂದಿನಿಂದ ಮೂರು ತಿಂಗಳು. ಯಜಮಾನರು ಕಟ್ಟಳೆ ಮೀರಲಿಲ್ಲ, ಮಳವಳ್ಳಿಯವರು ಬೇರೆ ಕಡೆ ಹೆಣ್ಣು ತಂದರು. ಆದರೆ ಒಂದು ಹೆದರಿಕೆ ಹೋಗಿರಲಿಲ್ಲ. ಜಗಲಿಯ ಮಾತು ಒಳಗಿದ್ದ ಕೆಂಪಿಗೆ ಹೇಗೆ ಕೇಳಿಸಿತೋ? ಮಾವ ತನ್ನನ್ನು ಅವನಿಗೇ ಕಾದಿರಿಸಿಕೊಂಡಿದ್ದಾನೆ ಎಂದು ಅವಳು ತಿಳಿದುಬಿಟ್ಟರೆ?

ಇವತ್ತು ತಡೆಯಲಾಗದೆ ಹೊರಟೆ. ಊರೊಳಗೆ ಹೋಗುವ ಧೈರ್ಯವಿಲ್ಲದೆ ಶಾಲೆ ಬಿಡುವ ಹೊತ್ತಿಗೆ ನಾಲೆಯ ಏರಿಯ ಮೇಲೆ ಕೂತೆ. ಕೆಂಪಿ ಒಬ್ಬಳೇ ಕುಂಟುತ್ತಾ ಬಂದಳು. ನನ್ನನ್ನು ಕಂಡು ಹತ್ತು ಮಾರು ದೂರದಲ್ಲೇ ನಿಂತಳು.

“ಎಲೆ ಅಡಿಕೆ ಕೊಡ್ನಿಲ್ವಂತೆ ನೀನು?”

“ಊ ಕಣವ್ವ.”

“ಯಾವಾಗ್ ಕೊಡ್ತೀಯೆ?”

“ನೀನು ಕೊಡು ಅಂದಾಗ.”

“ನಾನು ಅನ್ನದೇ ಇದ್ರೆ?”

“ಕೊಡಕಿಲ್ಲ.”

“ನೀನು?”

“ನಾನು ಯಾವತ್ತಿದ್ರೂ ನಿನ್ ಮಾವ ಕಣವ್ವ. ಅಷ್ಟೇಯ.”

ಅವಳು ಬಂದು ಪಕ್ಕದಲ್ಲಿ ಕೂತು, ಸ್ಲೇಟು ಕೆಳಗಿಟ್ಟು, ಮಣ್ಣು ಮೆತ್ತಿದ ಅಂಗಾಲನ್ನು ನನ್ನ ಮುಂದೆ ಚಾಚಿದಳು. “ಜಾಲಿ ಮುಳ್ಳು ಒಕ್ಕೈತೆ. ತಗಿ.”

ಅಂಗಿಯಿಂದ ಪಿನ್ನು ಬಿಚ್ಚಿಕೊಂಡೆ. ಕಣ್ಣು ಮಂಜಾಗಿ ಮುಳ್ಳೇ ಕಾಣುತ್ತಿರಲಿಲ್ಲ, ಪಿನ್ನು ತಾಗಿಸಹೋಗಿ ಎರಡು ಸಲ ಹಿಂದಕ್ಕೆಳೆದುಕೊಂಡೆ.

“ಎದ್ರುಕೋಬ್ಯಾಡ ಮಾವ” ಎಂದಳು ಕೆಂಪಿ. “ನಾನು ಅಲ್ಲಾಡಕಿಲ್ಲ.”